ಊರಲ್ಲಿ ವಾಂತಿ-ಭೇದಿ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಫೋನು ಬರುವುದು ಸಾಮಾನ್ಯವಾಗಿ ಬೆಳಗಿನ ಜಾವ. "ಸಾರ್, ರಾತ್ರಿಯಿಂದ ನಮ್ಮೂರಲ್ಲಿ ಎಂಟ್ಹತ್ತು ಜನಕ್ಕೆ ವಾಂತಿ-ಭೇದಿ. ಇಬ್ರಿಗೆ ಡ್ರಿಪ್ ಹಾಕ್ಸಿದೀವಿ" ಅಂತ ಆಶಾ ಕಾರ್ಯಕರ್ತೆ ಹೇಳುತ್ತಾರೆ. ಜೀಪು ಊರು ಸೇರುವಷ್ಟರಲ್ಲಿ ಉತ್ತರವೂ ಸಿದ್ಧವಾಗಿರುತ್ತದೆ. ಅರಳಿಕಟ್ಟೆ ಮೇಲೆ ಕೂತವರು ಜಾತ್ರೆ ಊಟ ಅನ್ನುತ್ತಾರೆ. ಚುನಾವಣೆಯಲ್ಲಿ ಸೋತವರು ಟ್ಯಾಂಕು ತೊಳೆದೇ ಇಲ್ಲ ಅನ್ನುತ್ತಾರೆ, ಗೆದ್ದವರು ಪಾನಿಪುರಿ ಗಾಡಿಯತ್ತ ಕೈ ತೋರಿಸುತ್ತಾರೆ. ಆರೋಗ್ಯ ನಿರೀಕ್ಷಕನಾಗಿ ಇಂಥ ಊರುಗಳನ್ನು ಸುತ್ತಿದ ನನಗೆ ಗೊತ್ತಿರುವ ಒಂದೇ ಗುಟ್ಟು: ಈ ಮೂವರ ಮಾತನ್ನೂ ಬರೆದುಕೊಳ್ಳಿ, ಯಾವುದನ್ನೂ ನಂಬಬೇಡಿ. ಕಾಯಿಲೆ ಬಾರದವರ ಮನೆ ಬಾಗಿಲು ತಟ್ಟುವವರೆಗೆ ದೋಷ ಕೈಗೆ ಸಿಗುವುದಿಲ್ಲ.

ಕೆಳಗಿನದು ಹೊಸದಾಗಿ ಕೆಲಸಕ್ಕೆ ಸೇರಿದ ಆರೋಗ್ಯ ಸಹಾಯಕರಿಗೆ, ಪಿಡಿಒಗಳಿಗೆ, ನೀರುಗಂಟಿಗಳಿಗೆ. ಓದಿದ ಡಾಕ್ಟರುಗಳಿಗೆ ಇದರಲ್ಲಿ ಹೊಸದೇನೂ ಇಲ್ಲ.

ಹುಡುಕುವ ಮೊದಲು

ಪತ್ತೇದಾರಿಕೆಗಿಂತ ಮೊದಲು ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಇಡಿಯಾಗಿ, ಒಂದೇ ಸಲ. ಅರ್ಧ ಪೊಟ್ಟಣವನ್ನು ಲೋಟಕ್ಕೆ ಸುರಿದು ಕೊಡುವ ಮನೆಗಳು ಇನ್ನೂ ಇವೆ. ಉಪ್ಪು ಹೆಚ್ಚಾಗಿ ಮಗುವಿಗೆ ತೊಂದರೆಯೇ ಆಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬೋನ್‌ಗಾಂವ್ ಶಿಬಿರದಲ್ಲಿ ಡ್ರಿಪ್ ಬಾಟಲಿಗಳು ಮುಗಿದುಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಸಕ್ಕರೆ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಕುಡಿಸಿದರು. ಸುಮಾರು ಶೇ. 30ರಷ್ಟಿದ್ದ ಸಾವು ಶೇ. 3ರ ಆಸುಪಾಸಿಗೆ ಇಳಿಯಿತು. ಅದೇ ನೀರು ಇವತ್ತು ಆಶಾ ಅವರ ಚೀಲದಲ್ಲಿದೆ.

ಎರಡನೆಯದು, ಎಲ್ಲರೂ ಎಡವುವ ಜಾಗ. ಊರಿಗೆ ಕಾಲಿಟ್ಟ ಕೂಡಲೇ ಪಂಚಾಯ್ತಿಯವರು ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿಯಲು ತಯಾರಾಗಿ ನಿಂತಿರುತ್ತಾರೆ. ಹತ್ತು ನಿಮಿಷ ತಡೆಯಿರಿ. ನೀರಿನ ಮಾದರಿ ಮೊದಲು, ಪೌಡರ್ ಆಮೇಲೆ. ಮಾದರಿ ತೆಗೆಯುವ ಬಾಟಲಿ ಲ್ಯಾಬಿನಿಂದ ಬಂದದ್ದೇ ಆಗಿರಬೇಕು: ಅದರೊಳಗಿನ ಥಯೋಸಲ್ಫೇಟ್ ನೀರಿನಲ್ಲಿರುವ ಕ್ಲೋರಿನ್ನನ್ನು ಅಲ್ಲಿಗೇ ನಿಲ್ಲಿಸುತ್ತದೆ, ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಕ್ರಿಮಿಗಳನ್ನು ಕೊಲ್ಲುತ್ತಲೇ ಹೋಗಿ ಕೆಟ್ಟ ನೀರಿಗೂ ಒಳ್ಳೆಯ ಸರ್ಟಿಫಿಕೇಟು ಬರುತ್ತದೆ. ಮಲದ ಮಾದರಿಯೂ ಹಾಗೇ, ಆ್ಯಂಟಿಬಯಾಟಿಕ್ ಶುರುವಾಗುವ ಮುಂಚೆ, ಲ್ಯಾಬು ಸೇರುವವರೆಗೆ ಕ್ರಿಮಿಗಳನ್ನು ಬದುಕಿಸಿಡುವ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ. ನಾಲ್ಕೈದು ಜನರದ್ದು ಸಾಕು, ಊರಿಗೆ ಊರೇ ಬೇಡ.

ನಿಜವಾಗಿ ಹೆಚ್ಚಾಗಿದೆಯೇ ಎಂಬುದನ್ನೂ ಪಿಎಚ್‌ಸಿ ರಿಜಿಸ್ಟರ್ ತೆಗೆದು ಹೋದ ವರ್ಷದ ಇದೇ ವಾರಗಳ ಪಕ್ಕ ಇಟ್ಟು ನೋಡಿ. ಹೊಸ ಡಾಕ್ಟರು ಬಂದು ಜನ ಆಸ್ಪತ್ರೆಗೆ ಬರಲು ಶುರು ಮಾಡಿದ್ದಕ್ಕೇ ಅಂಕಿ ಏರಿದ್ದೂ ಉಂಟು.

ಯಾರನ್ನು ಲೆಕ್ಕಕ್ಕೆ ಹಿಡಿಯಬೇಕು

ಒಂದು ಸಾಲಿನಲ್ಲಿ ಬರೆದಿಡಿ: "ಈ ಊರಲ್ಲಿ ಇದ್ದವರು, ಈ ತಾರೀಕಿನಿಂದೀಚೆಗೆ, 24 ಗಂಟೆಯಲ್ಲಿ ಮೂರು ಸಲಕ್ಕೆ ಕಡಿಮೆಯಿಲ್ಲದೆ ನೀರಾಗಿ ಭೇದಿಯಾದವರು." ಈ ಸಾಲು ಇಲ್ಲದಿದ್ದರೆ ಹೊಟ್ಟೆಯುಬ್ಬರದವರು, ಪುಕ್ಕಟೆ ಗುಳಿಗೆಗೆ ಬಂದವರು ಎಲ್ಲ ಪಟ್ಟಿ ಸೇರಿ ಚಿತ್ರ ಕಲಸಿಹೋಗುತ್ತದೆ.

ಆಮೇಲೆ ಲೈನ್ ಲಿಸ್ಟ್, ಅಂದರೆ ಒಬ್ಬ ರೋಗಿಗೆ ಒಂದು ಸಾಲಿನಂತೆ ಬರೆದ ಪಟ್ಟಿ. ಹೆಸರು, ವಯಸ್ಸು, ಯಾವ ಕೇರಿ, ಕುಡಿಯುವ ನೀರು ಎಲ್ಲಿಯದು, ಹಿಂದಿನ ಮೂರು ದಿನ ಎಲ್ಲೆಲ್ಲಿ ಉಂಡರು, ಮನೆಯಲ್ಲಿ ಇನ್ಯಾರಿಗಿದೆ. ಎಲ್ಲಕ್ಕಿಂತ ಮುಖ್ಯವಾದ ಕಲಂ, ಮೊದಲ ಭೇದಿ ಆದ ಹೊತ್ತು. ಆಸ್ಪತ್ರೆಗೆ ಬಂದ ಹೊತ್ತಲ್ಲ. ಜನ "ನಿನ್ನೆ ರಾತ್ರಿ" ಅಂತಷ್ಟೇ ಹೇಳುತ್ತಾರೆ. ಗಡಿಯಾರ ಕೇಳಿದರೆ ಅಂದಾಜಿಗೆ ಒಂದು ಅಂಕಿ ಕೊಟ್ಟುಬಿಡುತ್ತಾರೆ. ಬದಲಿಗೆ "ಕೊನೇ ಬಸ್ಸು ಹೋದ ಮೇಲೋ ಮುಂಚೆಯೋ? ಡೇರಿಗೆ ಹಾಲು ಹಾಕಿ ಬಂದಿದ್ರಾ?" ಎಂದು ಕೇಳಿ. ಒಬ್ಬ ಅಜ್ಜಿ ನನಗೆ, "ಕರೆಂಟು ಹೋಗಿತ್ತಲ್ಲಪ್ಪ, ಆಗ ಚೊಂಬು ತಡಕಾಡ್ಕೊಂಡು ಹೋದೆ" ಅಂದರು. ಕರೆಂಟು ಹೋದ ಹೊತ್ತು ಲೈನ್‌ಮ್ಯಾನ್ ಪುಸ್ತಕದಲ್ಲಿತ್ತು.

ಗೆರೆಪುಸ್ತಕದ ಚಿತ್ರ

ಶಾಲೆ ಮಕ್ಕಳ ಚೌಕುಳಿ ಲೆಕ್ಕದ ಪುಸ್ತಕ ತನ್ನಿ. ಅಡ್ಡಕ್ಕೆ ದಿನ, ಲಂಬಕ್ಕೆ ಜನ. ಒಬ್ಬ ರೋಗಿಗೆ ಒಂದು ಚೌಕ ತುಂಬುತ್ತಾ ಹೋಗಿ. ಕಂಪ್ಯೂಟರ್ ಬೇಡ, ಕೈಯಲ್ಲಿ ತುಂಬುವಾಗಲೇ ಕಣ್ಣಿಗೆ ಏನೋ ಹೊಳೆಯುತ್ತದೆ.

ಚೌಕಗಳು ಒಂದೇ ಕಡೆ ರಾಶಿಯಾಗಿ, ಕಡಿದಾಗಿ ಏರಿ ಒಂದೆರಡು ದಿನದಲ್ಲಿ ಇಳಿದುಹೋದರೆ ಎಲ್ಲರಿಗೂ ಒಂದೇ ಹೊತ್ತಿನಲ್ಲಿ ಒಂದೇ ಕಡೆಯಿಂದ ತಗುಲಿದೆ. ಮದುವೆ ಊಟ, ಹಾಸ್ಟೆಲ್ ಊಟ ಇಂಥವು. ಏರಿ, ಇಳಿಯದೆ ದಿನವೂ ಇಷ್ಟಿಷ್ಟು ಬರುತ್ತಲೇ ಇದ್ದರೆ ಮೂಲ ಇನ್ನೂ ತೆರೆದೇ ಇದೆ, ಹೆಚ್ಚಾಗಿ ನೀರು. ಸಣ್ಣ ಗುಡ್ಡ, ಬಿಡುವು, ಅದಕ್ಕಿಂತ ದೊಡ್ಡ ಗುಡ್ಡ, ಹೀಗೆ ಅಲೆಯಲೆಯಾಗಿ ಬಂದರೆ ಒಬ್ಬರಿಂದ ಒಬ್ಬರಿಗೆ ದಾಟುತ್ತಿದೆ. ದಡಾರದಲ್ಲಿ ಒಂದು ಅಲೆಗೂ ಮುಂದಿನದಕ್ಕೂ ನಡುವೆ ಹತ್ತು-ಹದಿನಾಲ್ಕು ದಿನದ ಅಂತರ ಸ್ಪಷ್ಟವಾಗಿ ಕಾಣುತ್ತದೆ.

ರಾಶಿಯ ನೆತ್ತಿಯಿಂದ ಹಿಂದಕ್ಕೆ ಎಣಿಸಿ. ಉಂಡ ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿ, ಜ್ವರವಿಲ್ಲ ಅಂದರೆ ಸ್ಟ್ಯಾಫಿಲೊಕಾಕಸ್ ವಿಷ ಅಥವಾ ಹೊರಗೇ ಇಟ್ಟ ತಂಗಳನ್ನದ ಬ್ಯಾಸಿಲಸ್ ಸೀರಿಯಸ್ ಎಂಬ ಕ್ರಿಮಿ. ಹನ್ನೆರಡರಿಂದ ಮೂವತ್ತಾರು ಗಂಟೆ, ಜ್ವರ ಇದೆ ಅಂದರೆ ಸಾಲ್ಮೊನೆಲ್ಲಾ ನೆನಪಿಗೆ ಬರಬೇಕು. ಕಾಲರಾ ಕೆಲವೇ ಗಂಟೆಗಳಿಂದ ಐದು ದಿನದವರೆಗೆ. ಅಕ್ಕಿ ತೊಳೆದ ನೀರಿನಂಥ ಭೇದಿ, ಕಣ್ಣು ಗುಳಿ ಬಿದ್ದಿರುವ ದೊಡ್ಡವರು ಕಂಡರೆ ಲ್ಯಾಬಿನ ಉತ್ತರಕ್ಕೆ ಕಾಯಬೇಡಿ, ಕಾಲರಾ ಎಂದೇ ನಡೆದುಕೊಳ್ಳಿ. ಟೈಫಾಯ್ಡ್ ಒಂದೆರಡು ವಾರ ಹಿಂದಿನ ತಪ್ಪನ್ನು ಇವತ್ತು ತೋರಿಸುತ್ತದೆ.

ಕಾಮಾಲೆಯಂತೂ ತೀರಾ ಹಳೆಯ ಬಾಕಿ. ದೆಹಲಿಯಲ್ಲಿ 1955ರ ಡಿಸೆಂಬರ್‌ನಿಂದ 1956ರ ಜನವರಿವರೆಗೆ ಸುಮಾರು 29,000 ಜನಕ್ಕೆ ಕಾಮಾಲೆಯಾಯಿತು. ಆ ಹೊತ್ತಿಗೆ ನಲ್ಲಿ ನೀರಿನಲ್ಲಿ ಹುಡುಕಿದ್ದರೆ ಏನೂ ಸಿಗುತ್ತಿರಲಿಲ್ಲ. ಯಮುನೆಯಿಂದ ನೀರೆತ್ತುವ ಜಾಗಕ್ಕೆ ನಗರದ ಕೊಳಚೆ ನುಗ್ಗಿದ್ದು ನವೆಂಬರ್‌ನಲ್ಲಿ. ಕೊಳಚೆ ಕಂಡು ಕ್ಲೋರಿನ್ ಹೆಚ್ಚಿಸಿದ್ದರು, ಹಾಗಾಗಿ ಟೈಫಾಯ್ಡ್ ಏರಲಿಲ್ಲ. ವೈರಸ್ ಮಾತ್ರ ನುಸುಳಿ ವಾರಗಟ್ಟಲೆ ಮೈಯಲ್ಲಿ ಕೂತು ಆಮೇಲೆ ಕಣ್ಣು ಹಳದಿ ಮಾಡಿತು. ಅದು ಹೆಪಟೈಟಿಸ್ ಇ ಎಂದು ಗೊತ್ತಾಗಲು ದಶಕಗಳೇ ಬೇಕಾದವು. ಕಾಮಾಲೆ ಕಂಡರೆ ಇವತ್ತಿನ ನೀರಿಗಿಂತ ಒಂದೂವರೆ ತಿಂಗಳ ಹಿಂದೆ ಎಲ್ಲಿ ಪೈಪ್ ಅಗೆದರು, ಯಾವಾಗ ಮಳೆ ಹೊಯ್ದಿತ್ತು ಎಂಬುದನ್ನು ಕೇಳಬೇಕು.

ಬಾರದವರ ಮನೆ

ಹೀಗೇ ಫೋನು ಬಂದು ನಾನು ಹೋದ ಒಂದು ಊರಿನಲ್ಲಿ ಜಾತ್ರೆ ಊಟದ ಮೇಲೆಯೇ ಎಲ್ಲರ ಕಣ್ಣು. ಅಡುಗೆಯವನನ್ನು ಕರೆಸಿ ಕೂರಿಸಿಯೂ ಆಗಿತ್ತು. ಕಾಯಿಲೆ ಬಿದ್ದವರನ್ನು ಕೇಳಿದರೆ ಎಲ್ಲರೂ ಉಂಡಿದ್ದಾರೆ. ಸರಿ, ಉಣ್ಣದವರು ಯಾರು? ಊರಿಗೆ ಊರೇ ಉಂಡಿತ್ತು. ಅಲ್ಲಿಗೆ ಆ ಪ್ರಶ್ನೆಯಿಂದ ಕಾಸಿನ ಪ್ರಯೋಜನವಿಲ್ಲ ಎಂದಾಯಿತು.

ಇದನ್ನು ಕಲಿಸುವ ಒಂದು ಹಳೆಯ ಲೆಕ್ಕವಿದೆ. 1940ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಓಸ್ವೀಗೊದಲ್ಲಿ ಚರ್ಚಿನ ರಾತ್ರಿಯೂಟ ಉಂಡವರಿಗೆ ಹೊಟ್ಟೆ ಕೆಟ್ಟಿತು. ವಿಚಾರಿಸಿದ್ದು 75 ಜನರನ್ನು, ಕಾಯಿಲೆ ಬಿದ್ದವರು 46. ಅವರಲ್ಲಿ 29 ಜನ ಹಂದಿಮಾಂಸ ತಿಂದಿದ್ದರು. "ನೋಡಿ, ಮೂರರಲ್ಲಿ ಎರಡು ಪಾಲಿಗೆ ಹತ್ತಿರ ಜನ ಮಾಂಸ ತಿಂದವರೇ" ಎಂದು ಅಲ್ಲಿಗೇ ಕಟ್ಟಿಬಿಡಬಹುದಿತ್ತು. ಆದರೆ ತಿನ್ನದವರ ಲೆಕ್ಕ ಬರೆದಾಗ ಹೀಗಾಯಿತು: ಮಾಂಸ ತಿಂದ 46ರಲ್ಲಿ 29 ಜನಕ್ಕೆ, ಅಂದರೆ ಶೇ. 63, ತಿನ್ನದ 29ರಲ್ಲಿ 17 ಜನಕ್ಕೆ, ಅಂದರೆ ಶೇ. 59. ಎರಡೂ ಹೆಚ್ಚುಕಡಿಮೆ ಒಂದೇ. ಅದೇ ವೆನಿಲ್ಲಾ ಐಸ್‌ಕ್ರೀಮ್ ನೋಡಿ: ತಿಂದ 54ರಲ್ಲಿ 43 ಜನ, ಶೇ. 80, ತಿನ್ನದ 21ರಲ್ಲಿ ಮೂವರು, ಶೇ. 14. ಕಳ್ಳ ಸಿಕ್ಕ. ಹಾಗಾಗಿ ಪ್ರತಿ ಪದಾರ್ಥಕ್ಕೂ ನಾಲ್ಕು ಮನೆಯ ಚೌಕ ಹಾಕಿ: ತಿಂದು ಕಾಯಿಲೆ ಬಂದವರು, ತಿಂದೂ ಕಾಯಿಲೆ ಬಾರದವರು, ತಿನ್ನದೆ ಬಂದವರು, ತಿನ್ನದೆ ಬಾರದವರು. ಒಂದು ಮನೆ ಖಾಲಿ ಬಿಟ್ಟರೂ ಉಳಿದ ಮೂರು ಸುಳ್ಳು ಹೇಳುತ್ತವೆ.

ನಮ್ಮ ಊರಿನ ಚೌಕುಳಿ ಪುಸ್ತಕವೂ ಜಾತ್ರೆಯ ಪರವಾಗಿರಲಿಲ್ಲ. ಮೊದಲ ಮೂರು ಚೌಕ ಜಾತ್ರೆಗೆ ಎರಡು ದಿನ ಮುಂಚಿನವು. ಜಾತ್ರೆ ಮುಗಿದು ನಾಲ್ಕು ದಿನವಾದರೂ ಹೊಸ ಚೌಕಗಳು ತುಂಬುತ್ತಲೇ ಇದ್ದವು. ಅಡುಗೆಯವನನ್ನು ಮನೆಗೆ ಕಳಿಸಿದೆವು. ಅವನು ಹೋಗುವಾಗ ಯಾರ ಮುಖವನ್ನೂ ನೋಡಲಿಲ್ಲ.

ಆಮೇಲೆ ಊರಿನ ನಕ್ಷೆ. ರೋಗಿಗಳ ಮನೆಗೆ ಕೆಂಪು ಚುಕ್ಕಿ ಇಟ್ಟಾಗ ಹೆಚ್ಚಿನವು ಕೆಳಗಿನ ಕೇರಿಯಲ್ಲಿ ಬಿದ್ದವು. ನಾನು ಹೋದದ್ದು ಕೆಳಗಿನ ಕೇರಿಯ ಚುಕ್ಕಿಯಿಲ್ಲದ ಮನೆಗಳಿಗೆ. ಒಂದೇ ಸಾಲಿನ ಎರಡು ಮನೆಯಲ್ಲಿ ಒಬ್ಬರಿಗೂ ಏನೂ ಆಗಿಲ್ಲ. "ನೀವೂ ಜಾತ್ರೆಲಿ ಉಂಡ್ರಾ?" "ಉಣ್ದೆ ಇರ್ತೀವಾ ಸ್ವಾಮಿ?" "ನೀರು?" "ನಲ್ಲಿ ನೀರು ದನಕ್ಕೆ, ಬಟ್ಟೆಗೆ. ನಮ್ಮತ್ತೆಗೆ ಆ ನೀರಲ್ಲಿ ಬೇಳೆ ಬೇಯಲ್ಲ ಅಂತ ಹಠ. ಶಾಲೆ ಹತ್ರದ ಬೋರಿಂದ ಎರಡು ಬಿಂದಿಗೆ ತರ್ತೀವಿ." ಇನ್ನು ಮೇಲಿನ ಕೇರಿಯಲ್ಲಿ ಒಂಟಿಯಾಗಿ ಬಿದ್ದಿದ್ದ ಒಂದು ಕೆಂಪು ಚುಕ್ಕಿ. ಆಕೆ ದಿನವೂ ಕೆಳಗಿನ ಕೇರಿಯ ಮನೆಯೊಂದಕ್ಕೆ ರೊಟ್ಟಿ ತಟ್ಟಲು ಹೋಗುತ್ತಿದ್ದವರು, ಬೆಳಗಿನ ನೀರು ಅಲ್ಲೇ ಕುಡಿಯುತ್ತಿದ್ದರು.

1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ ಕಾಲರಾ ಹಬ್ಬಿದಾಗ ವೈದ್ಯ ಜಾನ್ ಸ್ನೋ ಬೀದಿ ನೀರಿನ ಪಂಪಿನ ಹಿಡಿ ತೆಗೆಸಿದ ಕಥೆ ಎಲ್ಲರಿಗೂ ಗೊತ್ತು. ಹಿಡಿ ತೆಗೆಯುವ ಹೊತ್ತಿಗೆ ಸಾವು ಆಗಲೇ ಇಳಿಮುಖವಾಗಿತ್ತು, ಅದನ್ನು ಸ್ನೋ ಅವರೇ ಒಪ್ಪಿಕೊಂಡಿದ್ದಾರೆ. ನನಗೆ ಅವರ ಮೇಲೆ ಗೌರವ ಬಂದದ್ದು ಹಿಡಿಯಿಂದಲ್ಲ. ಪಂಪಿನ ಹತ್ತಿರವೇ ಇದ್ದ ಬಡವರ ಆಶ್ರಯಧಾಮದಲ್ಲಿ 535 ಜನರಿದ್ದರೂ ಸತ್ತವರು ಐದೇ ಜನ ಏಕೆ ಎಂದು ಅವರು ಕೇಳಿದರು. ಅಲ್ಲಿ ಸ್ವಂತ ಬಾವಿಯಿತ್ತು. ಅದೇ ಬೀದಿಯ ಬಿಯರ್ ಕಾರ್ಖಾನೆಯ ಕೆಲಸಗಾರರಲ್ಲಿ ಒಬ್ಬರೂ ಸಾಯಲಿಲ್ಲ. ಅವರು ಆ ಪಂಪಿನ ನೀರಿಗೆ ಹೋಗುತ್ತಲೇ ಇರಲಿಲ್ಲ.

ಪೈಪಿನುದ್ದಕ್ಕೂ

ನೀರು ಎಂದು ಅನುಮಾನ ಗಟ್ಟಿಯಾದ ಮೇಲೆ ಕೆಲಸ ಪ್ಲಂಬರಿನದು. ಬೋರ್, ಟ್ಯಾಂಕ್, ಮುಖ್ಯ ಪೈಪ್, ವಾಲ್ವ್, ಕೇರಿ ಪೈಪ್, ಮನೆ ನಲ್ಲಿ, ಮನೆಯ ಬಿಂದಿಗೆ. ಈ ಸರಪಳಿಯಲ್ಲಿ ಯಾವ ಕೊಂಡಿಯವರೆಗೆ ಸರಿಯಿದೆ, ಯಾವ ಕೊಂಡಿಯಿಂದ ಕೆಟ್ಟಿದೆ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಅಗ್ಗದ ಸಾಧನ ಕ್ಲೋರಿನ್ ಪರೀಕ್ಷೆಯ ಕಿಟ್. ಹಳೆಯ ದ್ರಾವಣದ ಕಿಟ್ಟಿನಲ್ಲಿ ಹಳದಿ ಬರುತ್ತದೆ, ಈಗಿನ ಗುಳಿಗೆ ಕಿಟ್ಟಿನಲ್ಲಿ ಗುಲಾಬಿ. ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕಾಯಿಲೆ ಹಬ್ಬಿರುವಾಗ 0.5ಕ್ಕೆ ಏರಿಸುವುದು ವಾಡಿಕೆ.

ಟ್ಯಾಂಕಿನಲ್ಲಿ ಬಣ್ಣ ಬಾರದಿದ್ದರೆ ದೋಷ ಪೌಡರಿನದು ಅಥವಾ ಹಾಕುವವರದು. ತಾಜಾ ಪೌಡರಿನಲ್ಲಿ ಶೇ. 33ರಷ್ಟು ಕ್ಲೋರಿನ್ ಇರುತ್ತದೆ, ಬಾಯಿ ತೆರೆದ ಚೀಲದಲ್ಲಿ ಅದು ದಿನದಿನಕ್ಕೆ ಹಾರಿಹೋಗುತ್ತದೆ. ಪಂಚಾಯ್ತಿ ಮೂಲೆಯಲ್ಲಿ ಗಟ್ಟಿಯಾಗಿ ಕೂತ ಹೋದ ವರ್ಷದ ಚೀಲ ಬರೀ ಸುಣ್ಣ. ಒಳ್ಳೆಯ ಪೌಡರ್ ಆದರೆ 1,000 ಲೀಟರ್ ತಿಳಿನೀರಿಗೆ ಸುಮಾರು 2.5 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿ ಮಾತ್ರ ಹಾಕಬೇಕು. ಕನಿಷ್ಠ ಅರ್ಧ ಗಂಟೆ ಬಿಟ್ಟು ಪರೀಕ್ಷಿಸಬೇಕು. ನೀರು ಕದಡಿದ್ದರೆ ಈ ಲೆಕ್ಕವೆಲ್ಲ ಕೈಕೊಡುತ್ತದೆ, ಮಣ್ಣೇ ಕ್ಲೋರಿನ್ನನ್ನು ತಿಂದುಬಿಡುತ್ತದೆ.

ಟ್ಯಾಂಕಿನಲ್ಲಿ ಬಣ್ಣ ಬಂದು ನಲ್ಲಿಯಲ್ಲಿ ಮಾಯವಾದರೆ ನಡುವೆ ಏನೋ ಒಳಗೆ ಸೇರುತ್ತಿದೆ. ನಮ್ಮ ಊರಿನಲ್ಲಿ ಆದದ್ದು ಇದೇ. ಟ್ಯಾಂಕಿನ ಕೆಳಗೆ ಬಣ್ಣ ಚೆನ್ನಾಗಿ ಬಂತು. ಮೇಲಿನ ಕೇರಿಯ ಕೊನೇ ನಲ್ಲಿಯಲ್ಲೂ ಬಂತು. ಕೆಳಗಿನ ಕೇರಿಯ ಮೊದಲ ನಲ್ಲಿಯಲ್ಲೇ ನೀರು ನೀರಾಗಿಯೇ ಉಳಿಯಿತು. ನೀರುಗಂಟಿ ಅಣ್ಣ ತನ್ನ ಮೇಲೆ ಬರುತ್ತದೇನೋ ಎಂದು ಬೆವರುತ್ತಿದ್ದ. ಈ ಎರಡಕ್ಕೂ ನಡುವೆ ಏನಿದೆ ಎಂದು ಕೇಳಿದೆ. "ಒಂದು ವಾಲ್ವ್ ಐತೆ ಸಾರ್, ಚರಂಡಿ ಪಕ್ಕ. ಚಪ್ಪಡಿ ಕೂತ್ಬಿಟ್ಟೈತೆ."

ಹಾರೆ ಹಾಕಿ ಚಪ್ಪಡಿ ಎತ್ತಿದೆವು. ಗುಂಡಿ ತುಂಬ ಕಪ್ಪು ನೀರು, ವಾಲ್ವಿನ ಚಕ್ರವಷ್ಟೇ ಮೇಲೆ ಕಾಣುತ್ತಿತ್ತು. ಕೊಳಕು ಕಂಡಿತು ನಿಜ, ಆದರೆ ಕೊಳಕು ಇದ್ದಮಾತ್ರಕ್ಕೆ ಅದು ಪೈಪಿನೊಳಗೆ ಹೋಗುತ್ತಿದೆ ಎಂದಲ್ಲ. ಎಷ್ಟೋ ವಾಲ್ವ್ ಗುಂಡಿಗಳು ಹೀಗೇ ಇರುತ್ತವೆ. ಗುಂಡಿಯ ಗೋಡೆಗೆ ನೀರಿನ ಮಟ್ಟದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆದೆ. ನೀರು ಬಿಟ್ಟಿರುವಷ್ಟು ಹೊತ್ತು ಸ್ಪಿಂಡಲ್ ಅಂದರೆ ಚಕ್ರದ ಕೆಳಗಿನ ದಂಡದ ಬುಡದಲ್ಲಿ ಸಣ್ಣಗೆ ಗುಳುಗುಳು ಎಂದು ಗುಳ್ಳೆ ಏಳುತ್ತಿತ್ತು, ನೀರು ಗೆರೆ ದಾಟಿ ಒಂದು ಬೆರಳು ಮೇಲೆ ಬಂತು. ಒಳಗಿನ ಒತ್ತಡದಿಂದ ಹೊರಕ್ಕೆ ಸೋರಿಕೆ. ಆಮೇಲೆ ಟ್ಯಾಂಕಿನ ಹತ್ತಿರ ನೀರು ನಿಲ್ಲಿಸಲು ಹೇಳಿದೆ. ಇಳಿಜಾರಿನ ಕೇರಿ, ಕೆಳಗಿನ ಮನೆಗಳಲ್ಲಿ ನಲ್ಲಿಗಳು ತೆರೆದೇ ಇದ್ದವು, ಎರಡು ಮನೆಯಲ್ಲಿ ನಲ್ಲಿಗೇ ಮೋಟಾರ್ ಕಟ್ಟಿ ಎಳೆಯುತ್ತಿದ್ದರು. ಗುಳ್ಳೆ ನಿಂತಿತು. ನೋಡುತ್ತಿದ್ದಂತೆ ಕಪ್ಪು ನೀರು ಗೆರೆಗಿಂತ ಕೆಳಗಿಳಿಯಿತು, ಇಳಿಯುತ್ತಲೇ ಹೋಯಿತು. ನೀರುಗಂಟಿ ಅಣ್ಣ ಒಂದು ಮಾತೂ ಆಡಲಿಲ್ಲ. ಎರಡು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಇಂಥ ಸೋರಿಕೆಯಿದ್ದರೆ, ನೀರು ನಿಂತ ಹೊತ್ತಿನಲ್ಲಿ ಪೈಪು ಹೀಗೆ ಉಸಿರೆಳೆದುಕೊಳ್ಳಬಹುದು. ಎಳೆದುಕೊಂಡದ್ದು ಮರುಸರದಿಯ ಮೊದಲ ಬಿಂದಿಗೆಗೆ ಬೀಳುತ್ತದೆ.

ಸ್ಪಿಂಡಲಿನ ಸುತ್ತ ನೀರು ಸೋರದಂತೆ ತಡೆಯುವ ಗ್ಲ್ಯಾಂಡ್ ಸವೆದಿತ್ತು. ವಾಲ್ವ್ ಬದಲಾಯಿಸಿ, ಗುಂಡಿಯನ್ನು ಎತ್ತರಿಸಿ, ಚರಂಡಿಯೊಳಗೇ ಹಾಯ್ದಿದ್ದ ಮನೆ ಸಂಪರ್ಕದ ಪೈಪುಗಳನ್ನು ಮೇಲಕ್ಕೆ ತಂದರು. ಆ ಲೈನಿಗೆ ಹೆಚ್ಚು ಕ್ಲೋರಿನ್ ತುಂಬಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ತೆರೆದು ಚೆಲ್ಲಿದೆವು. ನಲ್ಲಿಗೆ ಕಟ್ಟಿದ್ದ ಮೋಟಾರ್ ಕೀಳಿಸಿದ್ದಕ್ಕೆ ಆ ಎರಡು ಮನೆಯವರು ನನ್ನನ್ನು ಇವತ್ತಿಗೂ ಮಾತಾಡಿಸುವುದಿಲ್ಲ.

ನೀರಲ್ಲದಿದ್ದಾಗ

ಕ್ಲೋರಿನ್ ಎಲ್ಲ ಕಡೆ ಸರಿಯಿದ್ದು ಕಾಯಿಲೆ ಮುಂದುವರಿದರೆ ಬಿಂದಿಗೆಗೆ ಕೈ ಅದ್ದುವುದು, ಒಂದೇ ಲೋಟ, ಬಾಣಂತಿ ಮನೆ, ಅಂಗನವಾಡಿ, ಹೀಗೆ ಮನೆಯೊಳಗಿನ ದಾರಿಗಳನ್ನು ನೋಡಿ. ಜ್ವರ, ಮೈಕೈ ನೋವು, ಒಂದರ ಪಕ್ಕ ಒಂದು ಮನೆಗೆ ಹಬ್ಬುತ್ತಿದೆ ಎಂದರೆ ಡೆಂಗಿಯ ಕಡೆ ತಿರುಗಿ. ಅದರ ಸೊಳ್ಳೆ ಬಹಳ ದೂರ ಹಾರುವುದಿಲ್ಲ, ಕಚ್ಚುವುದು ಹಗಲು, ಮೊಟ್ಟೆ ಇಡುವುದು ನೀವೇ ತುಂಬಿಟ್ಟ ಡ್ರಮ್ಮಿನಲ್ಲಿ. ಟಾರ್ಚ್ ಬಿಟ್ಟು ನೋಡಿದರೆ ಮರಿಹುಳು ತಳಕ್ಕೆ ಓಡುತ್ತವೆ.

ಕಾಯಿಲೆ ಕಾಡಿನ ದಾರಿ ಹಿಡಿದದ್ದೂ ನಮ್ಮಲ್ಲೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು, ಸುತ್ತಲಿನ ಜನಕ್ಕೆ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಭಯ ಹಳದಿ ಜ್ವರದ್ದು. ಮಂಗಗಳು ಸಾಯುವುದು ಅದರ ಗುರುತು. ಆದರೆ ಸಿಕ್ಕಿದ್ದು ರಷ್ಯಾದ ಕಾಡಿನ ಉಣ್ಣಿ ಜ್ವರಕ್ಕೆ ಬಂಧುವಾದ ಹೊಸ ವೈರಸ್, ನಾವು ಮಂಗನ ಕಾಯಿಲೆ ಅನ್ನುವುದರದ್ದು. ಬಿದ್ದವರು ಹೆಚ್ಚಾಗಿ ಸೌದೆ, ತರಗೆಲೆಗೆ, ದನ ಮೇಯಿಸಲು ಕಾಡಿಗೆ ಹೋದವರು. ಮನುಷ್ಯರಿಂದ ಮನುಷ್ಯರಿಗೆ ಅದು ಹರಡುವುದಿಲ್ಲ. ಅಲ್ಲಿ ಲೈನ್ ಲಿಸ್ಟಿನ ಮೊದಲ ಸಾಲು ಮಂಗಗಳದ್ದು. ಮಲೆನಾಡಿನವರು ಇವತ್ತಿಗೂ ಸತ್ತ ಮಂಗ ಕಂಡರೆ ಫೋನು ಮಾಡಬೇಕಾದದ್ದು ಅದಕ್ಕೇ.

ರಿಪೇರಿ ಆಯಿತು ಎಂದು ಯಾವಾಗ ಹೇಳಬಹುದು

ವಾಲ್ವ್ ಬದಲಾಯಿಸಿದ ಮರುದಿನವೂ ಹೊಸ ರೋಗಿ ಬಂದರೆ ಗಾಬರಿಯಾಗಬೇಡಿ, ಪಂಚಾಯ್ತಿಯವರನ್ನೂ ಆಗಗೊಡಬೇಡಿ. ಆತ ಕುಡಿದದ್ದು ಹಿಂದಿನ ವಾರದ ನೀರು. ಕಾಲರಾ ಆದರೆ ಐದು ದಿನದವರೆಗೆ ಇಂಥವರು ಬರಬಹುದು. ಆರನೆಯ ದಿನ ಬಂದವರ ಮನೆಗೆ ಮಾತ್ರ ನೀವೇ ಹೋಗಿ. ರೋಗಿಯ ಆರೈಕೆ ಮಾಡಿದವರೇ? ಹಾಗಿದ್ದರೆ ಅದು ಮನೆಯೊಳಗಿನ ದಾಟು, ಸೋಪು ಕೊಟ್ಟು ಬನ್ನಿ. ಅಲ್ಲವಾದರೆ ಎರಡನೆಯ ತೂತು ಎಲ್ಲೋ ಇದೆ, ಮತ್ತೆ ಕಿಟ್ ಹಿಡಿದು ಟ್ಯಾಂಕಿನಿಂದ ನಡೆಯಲು ಶುರು ಮಾಡಿ. ಕೊನೆಯ ರೋಗಿಯಿಂದ ಎಣಿಸಿ ಹತ್ತು ದಿನ ಹೊಸ ಚೌಕ ಬೀಳದಿದ್ದರೆ ನಾನು ಪುಸ್ತಕ ಮುಚ್ಚುತ್ತಿದ್ದೆ.

ಆ ಊರಿನಲ್ಲಿ ಏಳನೆಯ ದಿನ ಒಂದು ಚೌಕ ಬಿತ್ತು, ಮೇಲಿನ ಕೇರಿಯಲ್ಲಿ. ಓಡಿಹೋಗಿ ನೋಡಿದರೆ ರೊಟ್ಟಿ ತಟ್ಟುತ್ತಿದ್ದಾಕೆಯ ಮಗಳು, ಅಮ್ಮನ ಬಟ್ಟೆ ಒಗೆದವಳು. ಅದೇ ಕೊನೆಯದು.